ಗಗನಯ್ಯನವರ ಸಡಿಲ ಹೊಲಿಗೆ

ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವ ಅಂಗಡಿಯೊಂದು ಬೀದಿಯ ತಿರುವಿನಲ್ಲಿ ಬಾಗಿಲು ತೆರೆದ ದಿನವೇ ಅದರ ಯಜಮಾನರು ಬೀದಿಯವರ ಕಣ್ಣಿಗೆ ಬಿದ್ದರು. ಅಂಗಡಿಯೊಳಗಲ್ಲ, ನಡುರಸ್ತೆಯಲ್ಲಿ. ಹಲ್ಲಿನ ನಡುವೆ ದಬ್ಬಣ, ಹೆಗಲ ಮೇಲೆ ಅರ್ಧ ಹೊಲಿದ ರೆಕ್ಸಿನ್, ದೃಷ್ಟಿ ಆಕಾಶದಲ್ಲಿ. ಹಿಂದೆ ನಿಂತಿದ್ದ ಹಾಲಿನ ವ್ಯಾನಿನವನು ಹಾರನ್ ಒತ್ತಿ ಒತ್ತಿ ಸಾಕಾಗಿ ಕೆಳಗಿಳಿದು ಬಂದ. ಜಗಳಕ್ಕೆಂದೇ ಬಂದವನು ತಾನೂ ಕತ್ತೆತ್ತಿ ನೋಡಿದ. ಹಳೆಯ ಹೊಲಿಗೆ ಯಂತ್ರದ ಹಾಗೆ ಕಟಕಟ ಸದ್ದು ಮಾಡುತ್ತ ಪುಟ್ಟ ವಿಮಾನವೊಂದು ನೀರಿನ ಟ್ಯಾಂಕಿನ ಮೇಲಿಂದ ಸಾಗುತ್ತಿತ್ತು.

“ಯಾರಾದ್ರೂ ನೆಂಟರು ಬರ್ತಾ ಇದ್ದಾರಾ ಸಾರ್ ಅದರಲ್ಲಿ?” ಎಂದು ಕೇಳಿದ.

ಯಜಮಾನರು ದಬ್ಬಣವನ್ನು ಕೈಗೆ ತೆಗೆದುಕೊಂಡು ಗಂಭೀರವಾಗಿ ಹೇಳಿದರು: “ಒಳಗೆ ಯಾರಿದ್ದಾರೋ ನಂಗೊತ್ತಿಲ್ಲಪ್ಪ. ನೆಂಟ ಅಂದ್ರೆ ಅದೇ. ವಯಸ್ಸಲ್ಲಿ ನಂಗಿಂತ ದೊಡ್ಡದು. ಎದ್ದು ನಿಲ್ಲಬೇಡ್ವಾ?”

ಅಂದೇ ಬೆಳಿಗ್ಗೆ ದೊಡ್ಡ ಜೆಟ್ ವಿಮಾನವೊಂದು ಬೀದಿಯ ಕಿಟಕಿಗಳನ್ನೆಲ್ಲ ನಡುಗಿಸಿಕೊಂಡು ಹೋಗಿದ್ದಾಗ ಅವರು ಕತ್ತರಿಯ ಮೇಲಿನ ಕಣ್ಣನ್ನು ಎತ್ತಿರಲಿಲ್ಲ. ವ್ಯಾನಿನವನು ಈ ಸುದ್ದಿಯನ್ನು ಹಾಲಿನ ಜೊತೆಗೆ ಮನೆಮನೆಗೂ ಹಂಚಿದ. ಸಂಜೆಯ ಹೊತ್ತಿಗೆ ಅವರಿಗೆ ಗಗನಯ್ಯ ಎಂಬ ಹೆಸರು ಬಿದ್ದಿತ್ತು. ಅವರ ನಿಜವಾದ ಹೆಸರು ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿದ್ದರೂ ಅದನ್ನು ಓದುವ ಗೋಜಿಗೆ ಯಾರೂ ಹೋಗಲಿಲ್ಲ.

ಅಂಗಡಿಯೊಳಗೆ ಕಾಲಿಟ್ಟವರಿಗೆ ಸೀಟಿಗಿಂತ ಮೊದಲು ಗೋಡೆ ಕಾಣುತ್ತಿತ್ತು. ನೀರಿನ ಮೇಲೆ ಬಾತುಕೋಳಿಯಂತೆ ಕೂರುವ ವಿಮಾನ, ಊಟದ ತಟ್ಟೆಯಂತೆ ದುಂಡಗಿನ ರೆಕ್ಕೆಯ ವಿಮಾನ, ಮೂತಿಯಲ್ಲಿರಬೇಕಾದ ಪಂಖವನ್ನು ಬೆನ್ನಿಗೆ ಸಿಕ್ಕಿಸಿಕೊಂಡ ವಿಮಾನ, ಚಾಲಕನನ್ನು ನಡುವೆ ಕೂರಿಸದೆ ಬದಿಗೆ ತಳ್ಳಿದ ಸೊಟ್ಟ ವಿಮಾನ. ಹಳೆಯ ಪತ್ರಿಕೆಗಳಿಂದ ಕತ್ತರಿಸಿದ ಈ ಚಿತ್ರಗಳನ್ನು ಅವರು ಉಳಿದ ರೆಕ್ಸಿನ್ ಚೂರುಗಳಿಂದಲೇ ಚೌಕಟ್ಟು ಹೊಲಿದು ತೂಗುಹಾಕಿದ್ದರು. ನೇರವಾಗಿ, ಲಕ್ಷಣವಾಗಿ ಇರುವ ವಿಮಾನದ ಮೇಲೆ ಅವರಿಗೆ ಮಮತೆಯಿಲ್ಲ. “ಇದನ್ನ ನೋಡಿದೋರೆಲ್ಲ ನಕ್ಕಿರ್ತಾರೆ. ಆದ್ರೂ ಹಾರ್ತು ನೋಡಿ,” ಎಂದು ಸೊಟ್ಟ ವಿಮಾನವನ್ನು ತೋರಿಸಿ ಹೇಳುವಾಗ ಅವರ ಮುಖ ಊರಗಲವಾಗುತ್ತಿತ್ತು.

ಇಷ್ಟೆಲ್ಲ ಹುಚ್ಚಿದ್ದವರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಅಟ್ಟದ ಮೇಲಿನ ಫೋಮ್ ಇಳಿಸಲು ಏಣಿ ಏರಿದರೂ ತಲೆ ಸುತ್ತುತ್ತಿತ್ತು. ಫೋಮ್ ಇಳಿಸುವವರು ಅವರ ಹೆಂಡತಿ. ಆಕೆ ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ಬೆನ್ನಿಗೆ ಪಂಖವಿರುವ ವಿಮಾನದ ಚಿತ್ರವನ್ನು ಗಿರಾಕಿಗಳಿಗೆ ತೋರಿಸಿ, “ಇದು ನಮ್ಮ ಸಂಸಾರದ ಫೋಟೋ. ಮುಂದೆ ಹೋಗೋರು ಇವರು, ಹಿಂದಿನಿಂದ ನೂಕೋಳು ನಾನು,” ಎನ್ನುವುದು ಆಕೆಯ ವಾಡಿಕೆ. ಗಗನಯ್ಯನವರು ಇದನ್ನು ಎಂದೂ ಅಲ್ಲಗಳೆಯಲಿಲ್ಲ.

ಊರಾಚೆ ಹುಲ್ಲಿನ ಬಯಲಿನಲ್ಲಿ ವಿಮಾನ ಹಾರಿಸುವವರ ಸಂಘವೊಂದಿತ್ತು. ಅವರ ಪುಟ್ಟ ವಿಮಾನಗಳ ಸೀಟು ಹರಿದಾಗ ಹೊಲಿಯಲು ಗಗನಯ್ಯನವರಿಗೆ ಕರೆ ಬರುತ್ತಿತ್ತು. ಹಾಗೆ ಹೋದಾಗಲೇ ಅವರಿಗೆ “ಅಜ್ಜಿ”ಯ ಪರಿಚಯವಾದದ್ದು. ಶೆಡ್ಡಿನ ಹಿಂಭಾಗದಲ್ಲಿ, ತಗಡಿನ ಡಬ್ಬಗಳ ನಡುವೆ, ಒಂದರ ಮೇಲೊಂದು ರೆಕ್ಕೆಯಿರುವ ಮುದಿ ವಿಮಾನವೊಂದು ನಿಂತಿತ್ತು. ಮೈಯೆಲ್ಲ ಮರದ ಚೌಕಟ್ಟು, ಅದರ ಮೇಲೆ ಬಟ್ಟೆ. ಬಟ್ಟೆ ಎಂದೋ ಪಿಸಿದು ಜೋತುಬಿದ್ದಿತ್ತು. ಅಲ್ಲಿನ ಹಿರಿಯ ಮೆಕ್ಯಾನಿಕ್, ಎಲ್ಲರೂ ಮೇಸ್ತ್ರಿ ಎಂದು ಕರೆಯುವವರು, ಅದನ್ನು ಅಜ್ಜಿ ಎಂದೇ ಮಾತನಾಡಿಸುತ್ತಿದ್ದರು. ಬಟ್ಟೆಯ ವಿಮಾನವೆಂದರೆ ತನ್ನ ಕಸುಬಿನದೇ ಕೂಸು ಎಂದು ಗಗನಯ್ಯನವರ ಎದೆ ತುಂಬಿಬಂತು. ಅಂದಿನಿಂದ ಸೀಟು ಹರಿಯದಿದ್ದರೂ ಅವರು ವಾರದ ರಜೆಯಲ್ಲಿ ಬಯಲಿಗೆ ಹೋಗತೊಡಗಿದರು. ಅಜ್ಜಿಯ ಧೂಳು ಒರೆಸಿ, ಮೇಸ್ತ್ರಿಯ ಜೊತೆ ಚಹಾ ಕುಡಿದು ಬರುತ್ತಿದ್ದರು.

ಹೀಗೆ ನೆಮ್ಮದಿಯಾಗಿ ನಡೆದಿದ್ದಾಗ ಸಂಘಕ್ಕೆ ಶೆಡ್ಡಿನಲ್ಲಿ ಜಾಗ ಸಾಲದೆ ಬಂತು. ಹೆದ್ದಾರಿಯಲ್ಲಿ ಹೊಸ ಹೋಟೆಲು ಕಟ್ಟಿಸುತ್ತಿದ್ದವರೊಬ್ಬರು ಅಜ್ಜಿಯನ್ನು ಕೇಳಿದರು. ಹೊಟ್ಟೆಗೆ ಕಬ್ಬಿಣದ ಕಂಬ ಚುಚ್ಚಿ, ಗೇಟಿನ ಮುಂದೆ ಬಣ್ಣದ ದೀಪ ಹಾಕಿ ನಿಲ್ಲಿಸುವ ಆಸೆ ಅವರಿಗೆ. ಈ ಮಾತು ಕೇಳಿ ಗಗನಯ್ಯನವರು ಆ ದಿನ ಊಟ ಬಿಟ್ಟರು. ಮೇಸ್ತ್ರಿ ಸಂಘದ ಕಾರ್ಯದರ್ಶಿಯ ಬಳಿ ಹೋಗಿ, ಹೊಸ ಬಟ್ಟೆ ಹೊದಿಸಿದರೆ ಅಜ್ಜಿ ಮತ್ತೆ ಎದ್ದು ನಿಲ್ಲುತ್ತಾಳೆ, ಹೊಲಿಯುವವರೂ ಇದ್ದಾರೆ ಎಂದು ವಾದಿಸಿದರು. ಕಾರ್ಯದರ್ಶಿ ಮಾತು ಕಡಿಮೆಯ ಮನುಷ್ಯ. ಬಾಲದ ಚುಕ್ಕಾಣಿಯೊಂದಕ್ಕೆ ಬಟ್ಟೆ ಹೊದಿಸಿ ಮುಂದಿನ ಸಭೆಗೆ ತೋರಿಸಿ, ಅದು ಸರಿಹೋದರೆ ಅಜ್ಜಿ ಉಳಿಯಲಿ, ಇಲ್ಲವಾದರೆ ಹೋಟೆಲಿಗೆ ಹೋಗಲಿ ಎಂದರು.

ಬಾಲದಲ್ಲಿ ಎಡಕ್ಕೂ ಬಲಕ್ಕೂ ತಿರುಗಿ ವಿಮಾನಕ್ಕೆ ದಾರಿ ತೋರಿಸುವ ಹಲಗೆಯೇ ಚುಕ್ಕಾಣಿ. ಸಣ್ಣ ಸಣ್ಣ ಮರದ ಪಟ್ಟಿಗಳ ಆ ಚೌಕಟ್ಟನ್ನು ಗಗನಯ್ಯನವರು ಮಗುವನ್ನು ತರುವಂತೆ ತಬ್ಬಿಕೊಂಡು ಅಂಗಡಿಗೆ ತಂದರು. ಕಳಿಸುವಾಗ ಮೇಸ್ತ್ರಿ ಒಂದು ಮಾತು ಹೇಳಿದ್ದರು: “ಬಟ್ಟೆ ಸ್ವಲ್ಪ ಸಡಿಲ ಇರಲಯ್ಯಾ. ಡೋಪ್ ಹಚ್ಚಿದ ಮೇಲೆ ತಾನೇ ಬಿಗಿಯುತ್ತೆ.” ಡೋಪ್ ಎಂದರೆ ಉಗುರುಬಣ್ಣದ ವಾಸನೆಯ ಒಂದು ದ್ರವ. ಬಟ್ಟೆಗೆ ಅದನ್ನು ಬಳಿದರೆ ಒಣಗುತ್ತ ಗಟ್ಟಿಯಾಗುತ್ತದೆ.

ಗಗನಯ್ಯನವರ ಕಿವಿ ಈ ಮಾತನ್ನು ಕೇಳಿತು, ಕೈ ಕೇಳಲಿಲ್ಲ. ಅವರು ಹೊಲಿದ ಸೀಟಿನ ಮೇಲೆ ನೊಣ ಕೂತರೂ ಜಾರಬೇಕು ಎಂದು ಊರಿನ ಚಾಲಕರು ತಮಾಷೆ ಮಾಡುತ್ತಿದ್ದರು. ರೆಕ್ಸಿನ್ನಿನಲ್ಲಿ ಒಂದು ಸುಕ್ಕು ಉಳಿದರೂ ಹೊಲಿಗೆ ಬಿಚ್ಚುವ ಮನುಷ್ಯ. ಪ್ರಾಣಕ್ಕಿಂತ ಹೆಚ್ಚಾದ ಅಜ್ಜಿಗೆ ಜೋಲು ಬಟ್ಟೆ ತೊಡಿಸುವುದುಂಟೇ? ಸಡಿಲ ಬಿಡು ಎಂದದ್ದು ಹೊಸಬನೆಂದು ತೋರಿಸಿದ ರಿಯಾಯಿತಿ ಇರಬೇಕು ಎಂದುಕೊಂಡರು. ಹಲ್ಲು ಕಚ್ಚಿ ಎಳೆದೆಳೆದು, ಮದ್ದಳೆಗೆ ಚರ್ಮ ಬಿಗಿದಂತೆ ಬಿಗಿದು ಹೊಲಿದರು. ಹೊಲಿಗೆ ಮುಗಿದಾಗ ಬೆರಳಲ್ಲಿ ತಟ್ಟಿ ನೋಡಿ ತಾವೇ ಬೀಗಿದರು. ಬಯಲಿಗೆ ಒಯ್ದು ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿಯೇ, ಅಚ್ಚರಿಪಡಿಸಬೇಕೆಂಬ ಉಮೇದಿನಲ್ಲಿ, ಡೋಪನ್ನೂ ಬಳಿದು ಬಂದರು.

ಮರುದಿನ ಹೋಗಿ ನೋಡಿದರೆ ಕೆಲಸ ಕೆಟ್ಟಿತ್ತು. ಮೊದಲೇ ಬಿಗಿಯಾಗಿದ್ದ ಬಟ್ಟೆ ಒಣಗುತ್ತ ಇನ್ನಷ್ಟು ಕುಗ್ಗಿ, ಚೌಕಟ್ಟನ್ನೇ ಹಿಂಡಿಹಾಕಿತ್ತು. ಚುಕ್ಕಾಣಿ ಬಿಸಿಲಿಗೆ ಬಿದ್ದ ಎಲೆಯಂತೆ ಮುರುಟಿಕೊಂಡು, ಅಂಚಿನ ಪಟ್ಟಿಯೊಂದು ಮುರಿದು ಬಟ್ಟೆಯಿಂದ ಹೊರಗೆ ಇಣುಕುತ್ತಿತ್ತು. ಮೇಸ್ತ್ರಿ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಬೈಗುಳಕ್ಕೆ ಸಿದ್ಧರಾಗಿ ತಲೆತಗ್ಗಿಸಿ ನಿಂತ ಗಗನಯ್ಯನವರಿಗೆ ಸಿಕ್ಕಿದ್ದು ಬೈಗುಳವಲ್ಲ.

“ಸೀಟು ಹೊಲಿಯೋ ಕೈ, ಸುಮ್ನಿರಲಿಲ್ಲ ಅಲ್ವಾ?” ಎಂದರು ಮೇಸ್ತ್ರಿ. “ಪಟ್ಟಿ ನಾನು ಹೊಸದು ಕೂರಿಸ್ತೀನಿ. ಬಟ್ಟೆ ನಿನ್ನ ಪಾಲಿಗೆ. ಆಗುತ್ತಾ ಹೇಳು, ಸಭೆಗೆ ಇನ್ನೊಂದು ವಾರ ಇದೆ.”

ಗಗನಯ್ಯನವರು ಮುರಿದ ಪಟ್ಟಿಯನ್ನು ಒಮ್ಮೆ ಮುಟ್ಟಿ ನೋಡಿ ಬಸ್ಸು ಹಿಡಿದರು. ಚುಕ್ಕಾಣಿ ಕೆಟ್ಟದ್ದು ಹಾಗಿರಲಿ, ತಮ್ಮ ಕೈಯ ಮೇಲೆಯೇ ಅವರಿಗೆ ನಂಬಿಕೆ ಹೋಗಿತ್ತು. ಮರಳಿ ಬಂದು ಅಂಗಡಿಯಲ್ಲಿ ಒಂದು ಸ್ಕೂಟರ್ ಸೀಟು ಹಿಡಿದು ಕೂತರು. ಮಧ್ಯಾಹ್ನ ಆ ಕಟಕಟ ಸದ್ದಿನ ಪುಟ್ಟ ವಿಮಾನ ಬೀದಿಯ ಮೇಲೆ ಹಾದುಹೋಯಿತು. ಗಗನಯ್ಯನವರು ತಲೆ ಎತ್ತಲಿಲ್ಲ.

ಇದನ್ನು ಕಂಡ ಮೇಲೆ ಹೆಂಡತಿ ಯಂತ್ರದ ಪೆಡಲಿನಿಂದ ಕಾಲು ತೆಗೆದರು. ಮೈಯಲ್ಲಿ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡಿದರು. ಆಮೇಲೆ ಒಂದೊಂದಾಗಿ ಎಲ್ಲವೂ ಹೊರಬಿತ್ತು. ಕೇಳಿ ಮುಗಿಸಿದ ಆಕೆ ನಕ್ಕೇಬಿಟ್ಟರು.

“ಅಲ್ರೀ, ಜೀವಮಾನವೆಲ್ಲ ರೆಕ್ಸಿನ್ ಜೊತೆ ಸಂಸಾರ ಮಾಡಿದೋರು ನೀವು. ಅದು ಕಲ್ಲಿನ ಹಾಗೆ, ಇದ್ದಲ್ಲೇ ಇರುತ್ತೆ. ಬಟ್ಟೆ ಹಾಗಲ್ಲ. ನೀರು ಕಂಡ ತಕ್ಷಣ ಮುದುಡಿಕೊಳ್ಳುತ್ತೆ. ನಾನು ನೆನೆಸಿ ಒಣಗಿಸದೆ ಒಂದು ಚಡ್ಡಿಯಾದ್ರೂ ಹೊಲಿದಿದ್ದೀನಾ?”

“ಗೊತ್ತು ಕಣೇ. ಸುಕ್ಕು ಕಂಡ್ರೆ ಈ ಕೈ ತಡಿಯಲ್ಲ. ತಾನೇ ಎಳೆದುಬಿಡುತ್ತೆ.”

“ಕೈಗೆ ಕಾವಲು ನಾನಿರ್ತೀನಿ. ಏಳಿ.”

ಆಕೆ ಸುಮ್ಮನೆ ಬಾಯಿಮಾತಿಗೆ ಹೇಳಿದವರಲ್ಲ. ಅಂದೇ ಬಯಲಿಗೆ ಹೋಗಿ ಮೇಸ್ತ್ರಿಯಿಂದ ಒಂದು ತುಂಡು ಬಟ್ಟೆ, ಒಂದು ಲೋಟ ಡೋಪ್ ಕೇಳಿ ತಂದರು. ಹಳೆಯ ಫೋಟೋದ ಚೌಕಟ್ಟಿಗೆ ಆ ಬಟ್ಟೆಯನ್ನು ಜೋಲಾಗಿ ಹೊಲಿದು, ಡೋಪ್ ಬಳಿದು ಕಿಟಕಿಯ ಬಳಿ ಇಟ್ಟರು. ಒಣಗಿದ ಮೇಲೂ ಜೋಲಾಗಿಯೇ ಉಳಿಯಿತು. ಮತ್ತೊಂದು ಚೌಕಟ್ಟು, ಇನ್ನೂ ಸ್ವಲ್ಪ ಬಿಗಿ. ಹೀಗೆ ನೋಡುತ್ತ ನೋಡುತ್ತ ಆಕೆಗೆ ಅಳತೆ ಸಿಕ್ಕಿತು. ಹೆಬ್ಬೆರಳು ತೋರುಬೆರಳಿನಿಂದ ಚಿವುಟಿದರೆ ಒಂದು ಚಿಟಿಕೆ ಬಟ್ಟೆ ಕೈಗೆ ಬರಬೇಕು. ಅದಕ್ಕಿಂತ ಹೆಚ್ಚಾದರೆ ಜೋಲು, ಕಡಿಮೆಯಾದರೆ ಮುರುಟು. ಮೇಸ್ತ್ರಿಗೆ ಇದನ್ನು ತೋರಿಸಿದಾಗ ಅವರು ಬಹಳ ಹೊತ್ತು ತಲೆಯಾಡಿಸಿದರು. ಅವರಿಗೆ ಕೆಲಸ ಕಲಿಸಿದ ಹಿರಿಯರೂ ಮಾತಾಡದೆ ಚಿವುಟಿಯೇ ನೋಡುತ್ತಿದ್ದರಂತೆ. ನನಗೆ ಅದು ಮರೆತೇ ಹೋಗಿತ್ತು, ಸಡಿಲ ಎಂದೆನೇ ಹೊರತು ಎಷ್ಟು ಸಡಿಲ ಎನ್ನಲಿಲ್ಲ ಎಂದು ತಪ್ಪಿನಲ್ಲಿ ಪಾಲನ್ನೂ ಕೇಳಿದರು.

ಎರಡನೆಯ ಹೊಲಿಗೆ ಶೆಡ್ಡಿನಲ್ಲಿಯೇ ನಡೆಯಿತು. ಚುಕ್ಕಾಣಿಯನ್ನು ಎರಡು ಕುರ್ಚಿಗಳ ನಡುವೆ ಗೋಡೆಯಂತೆ ನಿಲ್ಲಿಸಿ, ಈಚೆ ಗಂಡ, ಆಚೆ ಹೆಂಡತಿ ಕೂತರು. ಇಂಥ ಹೊಲಿಗೆಗೆ ಒಬ್ಬರು ಸಾಲದು. ಮೇಣ ಹಚ್ಚಿದ ದಾರದ ಉದ್ದ ಸೂಜಿಯನ್ನು ಈಚೆಯವರು ಚುಚ್ಚಿ ಆಚೆಗೆ ಕಳಿಸಬೇಕು, ಆಚೆಯವರು ಅದನ್ನು ಮರದ ಪಟ್ಟಿಯ ಸುತ್ತ ತಂದು ಈಚೆಗೆ ನೂಕಬೇಕು. ಪ್ರತಿ ಹೊಲಿಗೆಗೂ ಮುನ್ನ ಆಕೆ ಬಟ್ಟೆಯನ್ನು ಚಿವುಟಿ ನೋಡುತ್ತಿದ್ದರು. ಗಗನಯ್ಯನವರ ಬೆರಳು ಬಟ್ಟೆಯ ಅಂಚಿಗೆ ಮೆಲ್ಲಗೆ ಸರಿದಾಗಲೆಲ್ಲ ಆಚೆಯಿಂದ “ಊಹೂಂ” ಎಂಬ ದನಿ ಬರುತ್ತಿತ್ತು. ಆಕೆಗೆ ಕಾಣುತ್ತಿದ್ದುದು ಬಟ್ಟೆ ಮಾತ್ರ. ಆದರೂ ಅದು ಹೇಗೆ ತಿಳಿಯುತ್ತಿತ್ತೋ. ಮುಗಿದಾಗ ಚುಕ್ಕಾಣಿ ದೊಗಲೆ ಅಂಗಿ ತೊಟ್ಟ ಹಾಗೆ ಕಾಣುತ್ತಿತ್ತು. ಗಗನಯ್ಯನವರು ಮುಖ ತಿರುಗಿಸಿಕೊಂಡು, ಇಂಥ ಹೊಲಿಗೆ ತಮ್ಮದೆಂದು ಯಾರಿಗೂ ಹೇಳಬೇಡಿರೆಂದು ಮೇಸ್ತ್ರಿಯನ್ನು ಬೇಡಿಕೊಂಡರು.

ಡೋಪ್ ಬಳಿದರು. ಒಣಗಲು ಬಿಟ್ಟು ಮತ್ತೆ ಬಳಿದರು. ಈ ಸಲ ಗಗನಯ್ಯನವರು ಅಲ್ಲಿಂದ ಕದಲಲಿಲ್ಲ. ಅವರ ಕಣ್ಣೆದುರಿಗೇ ಸುಕ್ಕುಗಳು ಒಂದೊಂದಾಗಿ, ನಿದ್ದೆಯಲ್ಲಿ ಹಣೆಯ ಗೆರೆ ಸಡಿಲವಾಗುವ ಹಾಗೆ, ಮಾಯವಾದವು. ಅಂಚು ನೇರವಾಗಿಯೇ ನಿಂತಿತ್ತು. ತಾವು ಎಳೆಯದೆಯೇ ಬಟ್ಟೆ ತನ್ನಷ್ಟಕ್ಕೆ ನಯವಾದುದನ್ನು ಕಂಡು ಅವರಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಸಭೆಯ ದಿನ ಕಾರ್ಯದರ್ಶಿ ಚುಕ್ಕಾಣಿಯ ಸುತ್ತ ಒಂದು ಸುತ್ತು ಬಂದು, ಕಣ್ಣನ್ನು ಅಂಚಿಗೆ ನೇರ ಹಿಡಿದು ನೋಡಿ, ಬೆರಳಿನಿಂದ ಒಮ್ಮೆ ತಟ್ಟಿದರು. ಢಂ ಎಂದಿತು. ಮತ್ತೊಮ್ಮೆ ತಟ್ಟಿದರು. ಗಗನಯ್ಯನವರು ಮೇಸ್ತ್ರಿಯ ಬೆನ್ನ ಹಿಂದಿನಿಂದ ಕತ್ತು ಚಾಚಿ ನೋಡುತ್ತಿದ್ದರು.

“ಹೋಟೆಲಿನೋರಿಗೆ ಬೇರೆ ಬೊಂಬೆ ಹುಡುಕ್ಕೊಳ್ಳೋಕೆ ಹೇಳಿ,” ಎಂದರು ಕಾರ್ಯದರ್ಶಿ. ಬಾಗಿಲವರೆಗೆ ಹೋದವರು ತಿರುಗಿ, ರೆಕ್ಕೆಗಳನ್ನೂ ಇದೇ ಕೈಗಳೇ ಹೊಲಿಯಬೇಕು ಎಂದೂ ಸೇರಿಸಿದರು.

ಅಂದಿನಿಂದ ವಾರದ ರಜೆಯ ದಿನ ಅಂಗಡಿಯ ಬಾಗಿಲು ಹಾಕಿ ಇಬ್ಬರೂ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಬಸ್ಸು ಹತ್ತುತ್ತಾರೆ. ಬೀದಿಯ ಹರಟೆಮಲ್ಲರು “ವಿಮಾನ ಇಷ್ಟೊತ್ತಿಗೆ ಟೇಕಾಫ್” ಎಂದು ಕಿಚಾಯಿಸುವುದುಂಟು. ಅಜ್ಜಿಯ ಬಾಲ ಮುಗಿದಿದೆ. ಕೆಳಗಿನ ರೆಕ್ಕೆಗಳು ಮುಗಿದಿವೆ. ಮೇಸ್ತ್ರಿ ಎಂಜಿನ್ ಬಿಚ್ಚಿ ಹರಡಿಕೊಂಡು, ಇವತ್ತಲ್ಲ ನಾಳೆ ಅಜ್ಜಿ ಕೆಮ್ಮುತ್ತಾಳೆ ನೋಡುತ್ತಿರಿ ಎನ್ನುತ್ತಿದ್ದಾರೆ. ಮೊದಲ ಸಲ ಎಂಜಿನ್ ಶುರು ಮಾಡುವಾಗ ಒಳಗೆ ಕೂರಬೇಕೆಂದು ಗಗನಯ್ಯನವರನ್ನು ಒಪ್ಪಿಸಿದ್ದಾರೆ. ಚಕ್ರ ನೆಲ ಬಿಡಬಾರದು ಎಂಬ ಕರಾರಿನ ಮೇಲೆ ಅವರೂ ಒಪ್ಪಿದ್ದಾರೆ. ಅಜ್ಜಿ ಹಾರಿದರೆ ಕೆಳಗಿನಿಂದ ನೋಡಲು ಯಾರಾದರೂ ಬೇಡವೇ ಎಂಬುದು ಅವರ ವಾದ.

ಈಗ ಮೇಲಿನ ರೆಕ್ಕೆಯ ಕೆಲಸ ನಡೆದಿದೆ. ಅದನ್ನು ಇಳಿಸಿ ಮರದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ್ದಾರೆ. ಈಚೆ ಗಗನಯ್ಯನವರು, ಆಚೆ ಅವರ ಹೆಂಡತಿ. ನಡುವೆ ಬಟ್ಟೆಯ ಬಿಳಿಗೋಡೆ. ಸೂಜಿ ಹೋಗುತ್ತದೆ, ಬರುತ್ತದೆ. ನಡುನಡುವೆ ಸೂಜಿ ಈಚೆಯೇ ನಿಂತುಬಿಡುತ್ತದೆ. ಆಮೇಲೆ ಆಚೆಯಿಂದ ಆಕೆಯ ದನಿ ಕೇಳುತ್ತದೆ.

“ಮತ್ತೆ ಎಳೀತಿದ್ದೀರಾ?”

“ಇಲ್ಲ ಕಣೇ, ಸುಮ್ನೆ ಸವರಿದೆ.”

“ಸವರಬೇಡಿ. ಸೂಜಿ ಕಳಿಸಿ.”