ಸ್ಟೂರೆಯ ಹಾಡಿನ ಎರಡನೆಯ ದನಿ

ಬೆಳಗಿನ ಜಾವ ಡಿಪೋದಿಂದ ಖಾಲಿ ಟ್ರಾಮ್ ಹೊರಡುತ್ತದೆ. ಮೊದಲ ನಿಲ್ದಾಣ ಬರುವವರೆಗೆ ಚಾಲಕಿ ಗುನ್ವೋರ್ ಎಕ್‌ದಾಲ್ ಹಾಡುತ್ತಾರೆ. ಗಂಡಸಿನದೇ ಎನ್ನಿಸುವಷ್ಟು ತಗ್ಗಿನ, ತುಸು ಒರಟು ದನಿ. ನಿಲ್ದಾಣದಲ್ಲಿ ಬಂದರಿನ ಕೆಲಸಗಾರರು, ದಾದಿಯರು ಹತ್ತುತ್ತಾರೆ, ಹಾಡು ನಿಲ್ಲುತ್ತದೆ. "ಪಾಪ, ನಿದ್ದೆಗಣ್ಣಲ್ಲಿರ್ತಾರೆ. ಅವರಿಗ್ಯಾಕೆ ನನ್ನ ಕಾಟ?" ಎನ್ನುತ್ತಾರೆ.

ನಮ್ಮ ಬಂದರು ನಗರ ಯೋಟೆಬೊರ್ಗ್‌ನಲ್ಲಿ ಗಾಯಕ ಸ್ಟೂರೆ ಲಿಂಡ್‌ವಾಲ್ ಹೆಸರು ಕೇಳದವರಿಲ್ಲ. ಹಡಗು ಕಟ್ಟುವ ಕಾರ್ಖಾನೆಗಳು ಮುಚ್ಚಿ ಊರು ಕೆಲಸ ಕಳೆದುಕೊಂಡ ಕಾಲದಿಂದ ಅವರು ಹಾಡಿದ್ದೆಲ್ಲ ಕತ್ತಲೆಯನ್ನೇ. ಆ ಹಾಡುಗಳಿಗೆ ಕೆಳಗಿನಿಂದ ಆಸರೆ ಕೊಟ್ಟ ಎರಡನೆಯ ದನಿ ಗುನ್ವೋರ್ ಅವರದು. ಹಾಡಿನಿಂದ ಹೊಟ್ಟೆ ತುಂಬದೆ ಟ್ರಾಮ್ ಓಡಿಸುವ ಕೆಲಸಕ್ಕೆ ಸೇರಿದರು. ಗಂಡ ಹಾಸಿಗೆ ಹಿಡಿದ ವರ್ಷಗಳಲ್ಲೂ ಒಂದೇ ಒಂದು ಧ್ವನಿಮುದ್ರಣ ತಪ್ಪಿಸಲಿಲ್ಲ.

ಈ ವಸಂತದಲ್ಲಿ, ದೀರ್ಘ ಮೌನದ ನಂತರ, ಎಪ್ಪತ್ತನಾಲ್ಕರ ಸ್ಟೂರೆ 'ಇನ್ನೂ ಹಗಲಿದೆ' ಎಂಬ ಆಲ್ಬಂ ತಂದಿದ್ದಾರೆ. ಮೊದಲ ಬಾರಿಗೆ ಭರವಸೆಯ ಹಾಡುಗಳು; ಎರಡನೆಯ ದನಿ ಎಂದಿನಂತೆ ಗುನ್ವೋರ್ ಅವರದೇ. ಮುದುಕನ ಕೈಯಲ್ಲಿ ಸಕ್ಕರೆ ಜಾಸ್ತಿಯಾಗಿದೆ ಎಂದು ಒಬ್ಬ ವಿಮರ್ಶಕ ಮೂಗು ಮುರಿದ. ಉಳಿದವರು ಹೊತ್ತು ಮೆರೆಸಿದರು. ಅವರಲ್ಲಿ ಹೆಸರಾಂತ ವಿಮರ್ಶಕರೊಬ್ಬರು ಬರೆದದ್ದು ಎಲ್ಲರ ಬಾಯಿಗೆ ಬಿತ್ತು: ಸ್ಟೂರೆ ತಮ್ಮ ದನಿಯ ಕೆಳಗೆ ತಮ್ಮದೇ ಇನ್ನೊಂದು ದನಿ ಇಟ್ಟು ತಮಗೆ ತಾವೇ ಧೈರ್ಯ ಹೇಳಿಕೊಳ್ಳುತ್ತಾರೆ, ಆಲ್ಬಮ್ಮಿನ ಜೀವ ಇರುವುದೇ ಅಲ್ಲಿ.

ಪಾಳಿ ಮುಗಿದ ಮೇಲೆ, ಯಾರೋ ಸೀಟಿನ ಮೇಲೆ ಬಿಟ್ಟುಹೋದ ಪತ್ರಿಕೆಯಲ್ಲಿ ಗುನ್ವೋರ್ ಅದನ್ನು ಓದಿದರು.

"ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ? ಯಾರೂ ಹೊಗಳ್ದೆ ಇದ್ದಾಗ ಏನೂ ಅನ್ನಿಸ್ತಿರ್ಲಿಲ್ಲ. ಈಗ ಹೊಗಳಿದ್ದು ನನ್ನ ದನೀನ, ಹಾರ ಬಿದ್ದಿದ್ದು ಅವನ ಕೊರಳಿಗೆ."

ಅದೇ ವಾರ ರೇಡಿಯೊದವರು ಆ ದನಿಯ ಬಗ್ಗೆ ಕೇಳಿದಾಗ, ಅದು ತಾನಾಗೇ ಬಂತು ಎಂದಷ್ಟೇ ಸ್ಟೂರೆ ಹೇಳಿದರು. ಗುನ್ವೋರ್ ಸಮವಸ್ತ್ರದಲ್ಲೇ ಅವರ ಮನೆಗೆ ಹೋದರು. ಕಾಫಿ ಮುಟ್ಟಲಿಲ್ಲ. ನಿಜ ಹೇಳುವುದಕ್ಕೆ ಏನಾಗಿತ್ತು ಎಂದು ಕೇಳಿದರು.

ಸ್ಟೂರೆ "ಇಷ್ಟು ವರ್ಷ ನಿನ್ನ ದನಿ ಕೇಳಿ ಒಳಗೊಳಗೇ ಕರುಬಿದ್ದೀನಿ ಕಣೆ. ಅದು ನಂದೇ ಅಂತ ಆ ಮನುಷ್ಯ ಬರೆದಾಗ, ಒಂದು ದಿನ ಇಟ್ಕೊಳ್ಳೋಣ ಅನ್ನಿಸ್ತು" ಎಂದರಂತೆ.

"ಒಂದು ದಿನ ಆಯ್ತಲ್ಲ, ವಾಪಸ್ ಕೊಡು" ಎಂದರು ಗುನ್ವೋರ್.

ಸ್ಟೂರೆ ಅವರೆದುರಿಗೇ ಪತ್ರಿಕೆಗೆ ಫೋನ್ ಮಾಡಿದರು. ತಿದ್ದುಪಡಿ ಬಂತು, ಒಳಪುಟದಲ್ಲಿ, ಹವಾಮಾನದ ಕೆಳಗೆ.

ಈಗ ಉರಿ ಆರಿತೇ ಎಂದು ಕೇಳುತ್ತೇನೆ. "ಎಲ್ಲಿ ಆರುತ್ತೆ? ಅವನ ಫೋಟೊ ಅರ್ಧ ಪುಟ, ನಂದು ಎರಡು ಸಾಲು" ಎಂದು ನಗುತ್ತಾರೆ. ಶರತ್ಕಾಲಕ್ಕೆ ದೊಡ್ಡ ಕಾರ್ಯಕ್ರಮವಿದೆ. ಇನ್ನು ಹಿಂದೆ ನಿಲ್ಲುವುದಿಲ್ಲ, ಪಕ್ಕದಲ್ಲೇ ನಿಲ್ಲುತ್ತೇನೆ ಎಂದು ಷರತ್ತು ಹಾಕಿದ್ದಾರೆ, ಸ್ಟೂರೆ ಒಪ್ಪಿದ್ದಾರೆ. ಇನ್ನೊಂದೇ ಆಸೆ.

"ಆ ವಿಮರ್ಶಕನಿಗೆ ಮುಂದಿನ ಸಾಲಲ್ಲೇ ಸೀಟು ಕೊಡ್ಲಿ. ಕಿವಿಗೆ ಗೊತ್ತಾಗದ್ದು ಕಣ್ಣಿಗಾದ್ರೂ ಗೊತ್ತಾಗ್ಲಿ."