ರೊಸಾಲಿಯಾ ಆಂಟಿಯ ಬೆಟ್ಟದ ಊರು

ಸೋಂಪಿನ ವಾಸನೆ ಬಂದರೆ ಸಾಕು, ಅಮೆರಿಕದ ಮಿಷಿಗನ್ ರಾಜ್ಯದ ಸೌತ್‌ಫೀಲ್ಡಿನ ನಮ್ಮ ಹಳೇ ಮನೆಯ ಅಡುಗೆಕೋಣೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಪಕ್ಕದ ಮನೆಯ ರೊಸಾಲಿಯಾ ಆಂಟಿ ಪ್ರತಿ ಶುಕ್ರವಾರ ಸೋಂಪು ಹಾಕಿ ಬಿಸ್ಕತ್ತು ಮಾಡಿ, ಸೆರಗಿಲ್ಲದ್ದಕ್ಕೆ ಏಪ್ರನ್ನಿನಲ್ಲೇ ಮುಚ್ಚಿಕೊಂಡು, ಹಿಮ ತುಳಿಯುತ್ತ ಹಿಂಬಾಗಿಲಿಗೆ ಬರುತ್ತಿದ್ದರು. ಅಮ್ಮ ಫಿಲ್ಟರ್ ಕಾಫಿ ಕೊಡುತ್ತಿದ್ದಳು. ಉಳಿದ ಅಮೆರಿಕದವರು ಕುಡಿಯುವುದು ಪಾತ್ರೆ ತೊಳೆದ ನೀರು ಎಂಬ ಬಗ್ಗೆ ಇಬ್ಬರಿಗೂ ಅನುಮಾನವಿರಲಿಲ್ಲ. ಹೊರಡುವಾಗ ಅರಿಶಿನ ಕುಂಕುಮ. ಆಂಟಿ ಹಣೆಯೊಡ್ಡಿ ನಿಲ್ಲುತ್ತಿದ್ದರು. ಆ ಕುಂಕುಮದಲ್ಲೇ ಅಂಗಡಿಗೂ ಚರ್ಚಿಗೂ ಹೋಗಿಬರುತ್ತಿದ್ದರು.

ಕಾಫಿಯ ಜೊತೆಗೆ ಅವರ ಊರಿನ ಮಾತು. ಸಿಸಿಲಿ ದ್ವೀಪದ ನಟ್ಟನಡುವೆ, ಬೆಟ್ಟದ ನೆತ್ತಿಯ ಮೇಲಿನ ಊರು ಎನ್ನಾ. ದ್ವೀಪದವರಾದರೂ ಅವರಿಗೆ ಸಮುದ್ರವಿರಲಿಲ್ಲ. ಮೇಲೆ ಹಳೇ ಕೋಟೆ, ಕೆಳಗೆ ಗೋಧಿಯ ಹೊಲ, ದೂರದಲ್ಲಿ ಹೊಗೆಯಾಡುವ ಅಗ್ನಿಪರ್ವತ. ಮಟಮಟ ಮಧ್ಯಾಹ್ನ ಮಂಜು ಹತ್ತಿ ಬಂದು ಬೀದಿಗಳನ್ನೇ ನುಂಗುತ್ತಿತ್ತಂತೆ. ಗಂಧಕದ ಗಣಿಗೆ ಇಳಿದ ಗಂಡಸರಲ್ಲಿ ಕೆಲವರು ಮೇಲೆ ಬರುತ್ತಿರಲಿಲ್ಲ. ಆಂಟಿಯ ಅಪ್ಪನೂ ಬರಲಿಲ್ಲ. ಅಂದಿನಿಂದ ಅವರ ತಾಯಿ ಕಪ್ಪು ಬಟ್ಟೆ ತೊಟ್ಟು, ಕಿಟಕಿ ಮುಚ್ಚಿ ಕೂತರು. ಮದುವೆಮನೆಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. “ಅದನ್ನು ನೋಡಲಾರದೆ ಓಡಿ ಬಂದೆ. ಇಲ್ಲಿ ಹಾಗಿಲ್ಲ,” ಎನ್ನುತ್ತಿದ್ದರು.

ಒಂದು ಚಳಿಗಾಲ ಆಂಟಿಯ ಗಂಡ ಹೃದಯಾಘಾತದಿಂದ ತೀರಿಕೊಂಡರು. ಅಮ್ಮ ದಿನವೂ ಸಾರು, ಅನ್ನ ಒಯ್ದು ಕೊಟ್ಟಳು, ಪಕ್ಕದಲ್ಲಿ ಕೂತು ಅತ್ತಳು. ಆಂಟಿ ಮತ್ತೆ ಕಾಫಿಗೆ ಬಂದ ಮೊದಲ ಶುಕ್ರವಾರ, ಹೊರಡುವಾಗ ಎಂದಿನಂತೆ ಹಣೆಯೊಡ್ಡಿ ನಿಂತರು. ಅಮ್ಮನ ಕೈ ಕುಂಕುಮದ ಭರಣಿಯತ್ತ ಹೋಗಿ ಹಿಂದಕ್ಕೆ ಬಂತು. ಬಾಳೆಹಣ್ಣು ಮಾತ್ರ ಕೊಟ್ಟಳು. ಆಂಟಿಗೆ ಯಾಕೆ ಕುಂಕುಮ ಇಡಲಿಲ್ಲವೆಂದು ನಾನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೇಳಿಬಿಟ್ಟೆ.

“ಸುಮ್ನಿರೇ. ಗಂಡ ಹೋದೋರಿಗೆ ಇಡಬಾರ್ದು.”

ಅಮ್ಮನ ಕನ್ನಡ ಆಂಟಿಗೆ ತಿಳಿಯಲಿಲ್ಲ, ಮುಖ ತಿಳಿಯಿತು. “ಇಲ್ಲೂ ಹಾಗೇನಾ?” ಎಂದು ತಮ್ಮ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

ಅವರು ಮತ್ತೆ ಬರಲಿಲ್ಲ. ಅಮ್ಮ ಹೋಗಿ ಬಾಗಿಲು ತಟ್ಟಿದಳು. ತೆಗೆದರು, ನಕ್ಕರು, ಒಳಗೆ ಕರೆಯಲಿಲ್ಲ. ಬೇಸಿಗೆಯಲ್ಲಿ ಮನೆ ಮಾರಿ, ಅಕ್ಕ ಇದ್ದ ಎನ್ನಾಗೆ ಹೊರಟುಹೋದರು. ಅಲ್ಲೇ ತೀರಿಕೊಂಡರೆಂದು ಆಮೇಲೆ ಗೊತ್ತಾಯಿತು. ಯಾವ ಊರಿಂದ ಓಡಿಬಂದಿದ್ದರೋ ಅಲ್ಲಿಗೇ ಅವರನ್ನು ನಾವು ಅಟ್ಟಿದೆವಲ್ಲ ಎಂಬ ಸಂಕಟ ನನಗೆ ಇಂದಿಗೂ ಹೋಗಿಲ್ಲ. ನಿಮ್ಮ ಬಾಲ್ಯದಲ್ಲೂ ಹೀಗೆ ಮುಚ್ಚಿಹೋದ ಒಂದು ಬಾಗಿಲು ಇದ್ದೀತು.

ಈಗ ನಮ್ಮಪ್ಪನೂ ಇಲ್ಲ. ಈ ಸಲದ ಗೌರಿಹಬ್ಬಕ್ಕೆ ಹೊರರಾಜ್ಯದ ಲಿಸ್ಲ್‌ನಲ್ಲಿರುವ ಪರಿಚಯದವರ ಮನೆಗೆ ಹೋಗಿದ್ದೆವು. ಮನೆಯ ಹುಡುಗಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಎಲ್ಲರ ಮುಂದೂ ಬಂದಳು, ಅಮ್ಮನನ್ನು ದಾಟಿ ನನ್ನ ಹತ್ತಿರ ನಿಂತಳು. ವಾಪಸು ಬರುವಾಗ ಕಾರು ನಾನು ಓಡಿಸುತ್ತಿದ್ದೆ. ಮಿಷಿಗನ್ ಗಡಿ ದಾಟಿದ ಮೇಲೆ ಅಮ್ಮ ಹೇಳಿದಳು:

“ಅವತ್ತು ಇಟ್ಬಿಡ್ಬೇಕಿತ್ತು ಕಣೇ. ಸೌತ್‌ಫೀಲ್ಡಲ್ಲಿ ನಮ್ಮನ್ನ ಯಾರು ನೋಡ್ತಿದ್ರು?”