ಎಡಗಡೆಯ ಹಿಡಿಕೆ

ಅಳವಂಡಿಯ ನೇತ್ರಾವತಿಗೆ ಎತ್ತರದ ಭಯವಿರಲಿಲ್ಲ. ಅವಳನ್ನು ಕಾಡಿದ್ದು ಅವಳದೇ ಎಡಗೈ.

ಕೊಪ್ಪಳದಿಂದ ಗಂಗಾವತಿಗೆ ಹೋಗುವ ದಾರಿಯಲ್ಲಿ, ಭತ್ತದ ಗದ್ದೆಗಳ ಅಂಚಿಗೆ, ವಿಮಾನದಿಂದ ಹಾರುವುದನ್ನು ಕಲಿಸುವ ಕೇಂದ್ರವೊಂದಿದೆ. ಪ್ರವಾಸಿಗರು ಹಾರಿ ಇಳಿದ ಪ್ಯಾರಾಚೂಟುಗಳನ್ನು ಮಡಿಸಿ ಚೀಲಕ್ಕೆ ತುಂಬುವ ಕೆಲಸಕ್ಕೆ ಅವಳು ಅಲ್ಲಿ ಸೇರಿದ್ದಳು. ಈಗ ತಾನೂ ಹಾರುವುದನ್ನು ಕಲಿಯುತ್ತಿದ್ದಳು. ಲೈಸೆನ್ಸ್ ಸಿಕ್ಕರೆ ಹೊಸಬರಿಗೆ ಕಲಿಸುವ ಕೆಲಸ. ಸಿಗದಿದ್ದರೆ ಮಡಿಸುತ್ತ ಕೂಡುವುದೇ. ಸೈನ್ಯದಿಂದ ನಿವೃತ್ತನಾದ ಜಮೀರ ಅವಳ ಕೋಚ್. ಇನ್ನು ಉಳಿದದ್ದು ಪರೀಕ್ಷೆಯ ಹಾರಾಟವೊಂದೇ.

ಹಾರುವವರ ಎದೆಯ ಮೇಲೆ ಎರಡು ಹಿಡಿಕೆಗಳಿರುತ್ತವೆ. ಪ್ಯಾರಾಚೂಟ್ ಸರಿಯಾಗಿ ಬಿಚ್ಚದಿದ್ದರೆ ಬಲಗೈ ಬಲಗಡೆಯದನ್ನು ಎಳೆದು ಆ ಪ್ಯಾರಾಚೂಟನ್ನು ಕಳಚಬೇಕು. ಕೂಡಲೇ ಎಡಗೈ ಎಡಗಡೆಯದನ್ನು ಎಳೆದು, ಬೆನ್ನಿನ ಚೀಲದಲ್ಲಿ ಆಪತ್ತಿಗೆಂದೇ ಇಟ್ಟಿರುವ ಇನ್ನೊಂದು ಪ್ಯಾರಾಚೂಟನ್ನು ಬಿಚ್ಚಬೇಕು. ಇದನ್ನು ಮೊದಲು ನೆಲದ ಮೇಲೆ, ಕಲಿಯುವವರನ್ನು ಕಬ್ಬಿಣದ ಚೌಕಟ್ಟಿಗೆ ತೂಗುಹಾಕಿ ರೂಢಿ ಮಾಡಿಸುತ್ತಾರೆ. ನೇತ್ರಾವತಿಯ ಬಲಗೈ ಒಂದನ್ನು ಎಳೆದು, ಎದೆಯ ಮೇಲೆ ಹಾದು, ಎರಡನೆಯದಕ್ಕೂ ತಾನೇ ಹೋಗುತ್ತಿತ್ತು. ಎಡಗೈ ತೊಡೆಯ ಪಕ್ಕದಲ್ಲಿ ಸುಮ್ಮನಿರುತ್ತಿತ್ತು.

ಚಿಕ್ಕಂದಿನಲ್ಲಿ ಅವಳು ಎಡಚಿ. ಎಡಗೈಯಿಂದ ರೊಟ್ಟಿ ಮುಟ್ಟಿದಾಗೆಲ್ಲ ತಾಯಿ ಫಕೀರಮ್ಮ ಹೊಡೆದು ಬಿಡಿಸಿದ್ದಳು. ಮುಖ್ಯವಾದದ್ದನ್ನು ಎಡಗೈಗೆ ಒಪ್ಪಿಸುವುದನ್ನೇ ಅವಳ ದೇಹ ಮರೆತಿತ್ತು.

“ಆ ಕೈ ಅಳವಂಡ್ಯಾಗ ಬಿಟ್ಟು ಬಂದೀಯೇನವಾ?” ಎಂದ ಜಮೀರ.

“ಬರ್ತೈತ್ರಿ ಸರ್. ಸ್ವಲ್ಪ ತಡಾ ಆಗ್ತೈತಿ.”

“ನೆಲ ಕಾಯಂಗಿಲ್ಲ. ಪರೀಕ್ಷಾ ಆಗೂತನ ಎಡಗೈಲೆ ಉಣ್ಣು.”

ಮನೆಯಲ್ಲಿ ಫಕೀರಮ್ಮ ತಟ್ಟೆಯನ್ನು ಹೊಸ್ತಿಲಾಚೆ ಇಟ್ಟಳು. “ಹಂಗ ಉಣ್ಣಾಕಿ ಹೊರಗ ಕುಂದ್ರು. ಅವ ಮುಗಿಲಿಂದ ಜಿಗಿ ಅಂದ್ರ ಜಿಗೀತಿ, ನಾ ಬಲಗೈಲೆ ಉಣ್ಣು ಅಂದ್ರ ಕೇಳಂಗಿಲ್ಲ.”

ನೇತ್ರಾವತಿ ಹೊರಗೇ ಕುಳಿತು ಎಡಗೈಯಿಂದಲೇ ಉಂಡಳು.

ಪರೀಕ್ಷೆಯ ಬೆಳಿಗ್ಗೆ ಗಾಳಿ ಹದವಾಗಿತ್ತು. ಅವಳು ಹಾರಿದಳು; ಹಿಂದೆಯೇ ಜಮೀರ. ಹೇಳಿದ ಎತ್ತರದಲ್ಲಿ ಪ್ಯಾರಾಚೂಟ್ ಬಿಚ್ಚಿದಳು. ಅದು ಅರ್ಧ ತೆರೆದುಕೊಂಡಿತು, ಬಟ್ಟೆಯ ಮೇಲೆ ಹಗ್ಗ ಸುತ್ತಿಕೊಂಡಿತು, ಅವಳು ಬುಗುರಿಯಂತೆ ತಿರುಗತೊಡಗಿದಳು. ಗದ್ದೆ, ಕಾಲುವೆ, ಮತ್ತೆ ಗದ್ದೆ. ಬಲಗೈ ಹಿಡಿಕೆ ಎಳೆಯಿತು. ಕೆಟ್ಟ ಪ್ಯಾರಾಚೂಟ್ ಕಳಚಿಹೋಗಿ ಅವಳು ಕಲ್ಲಿನಂತೆ ಬಿದ್ದಳು. ಬಲಗೈ ಹಳೆಯ ರೂಢಿಯಂತೆ ಎದೆಯ ಮೇಲೆ ಹಾಯಿತು. ಅದು ತಲುಪುವ ಮೊದಲೇ ಎಡಗೈ ಇನ್ನೊಂದು ಹಿಡಿಕೆಯನ್ನು ಕಿತ್ತಿತ್ತು.

ಎರಡನೆಯ ಪ್ಯಾರಾಚೂಟ್ ಬಿಚ್ಚಿಕೊಂಡಿತು, ಆದರೆ ಕೇಂದ್ರದ ಮೈದಾನ ದೂರ ಉಳಿಯಿತು. ಅವಳು ಪಕ್ಕದ ರೈತ ಮೌಲಾಹುಸೇನನ ಕೆಸರುಗದ್ದೆಯಲ್ಲಿ ಬಿದ್ದಳು. ಬಲ ಮಣಿಕಟ್ಟು ಉಳುಕಿತು.

“ಅಷ್ಟು ದೊಡ್ಡ ಮುಗಿಲೈತಿ, ಇಳಿಯಾಕ ನನ್ನ ನಾಟೀನ ಬೇಕಾಗಿತ್ತೇನು?” ಎನ್ನುತ್ತಲೇ ಅವನು ಅವಳನ್ನು ಎಬ್ಬಿಸಿ ಕೂರಿಸಿದ.

ಜಮೀರ ಬದುವಿನ ಮೇಲೆ ಓಡಿ ಬಂದ. “ಯಾವ ಕೈ?”

“ಎಡಗೈರಿ.”

“ಛಲೋ ಆತು. ಆದ್ರ ಮೈದಾನದಾಗ ಇಳಿದಿಲ್ಲ. ಕೈ ವಾಸಿ ಆದಮ್ಯಾಲೆ ಮತ್ತ ಹಾರು.”

ಮೈದಾನದೊಳಗೆ ಇಳಿದರೆ ಮಾತ್ರ ಪರೀಕ್ಷೆ ಪಾಸು. ನಿಯಮ ನಿಯಮವೇ.

ಬ್ಯಾಂಡೇಜಿನ ಬಲಗೈ ನೋಡಿ ಫಕೀರಮ್ಮ ರೊಟ್ಟಿ ಬಡಿಸಿದಳು. ತಟ್ಟೆಯನ್ನು ಹೊಸ್ತಿಲ ಒಳಗೆ ಇಟ್ಟಳು. “ವಾಸಿ ಆಗೂತನ ಅಷ್ಟ, ನೆಪ್ಪಿರಲಿ.”

ಮಣಿಕಟ್ಟು ವಾಸಿಯಾಯಿತು. ನೇತ್ರಾವತಿ ಮತ್ತೆ ಹಾರಿ, ಮೈದಾನದ ನಡುವೆ ಇಳಿದು, ಲೈಸೆನ್ಸ್ ಪಡೆದಳು. ಈಗ ಮನೆಯಲ್ಲಿ ಬಲಗೈಯಿಂದ ಉಣ್ಣುತ್ತಾಳೆ. ಕೇಂದ್ರದಲ್ಲಿ, ತಾನು ಕಲಿಸುವ ಹೊಸಬರ ಎದುರು, ಎಡಗೈಯಿಂದ.